ಅಮ್ಮನ ಮೊಣಕೈಗೆ ಎರಡು ದಾರಿ

ಶಂಕರಪುರದ ನಮ್ಮ ಮನೆಯಲ್ಲಿ ಬೆಳಕು ಹರಿಯುವ ಮೊದಲೇ ಮಲ್ಲಿಗೆ ಕೊಯ್ಯಲು ಹೋಗುವುದು. ಜುಲೈಯಲ್ಲಿ ಹಾಗೆ ಹೊರಟ ಅಮ್ಮ ಅಂಗಳದ ಪಾಚಿಯಲ್ಲಿ ಜಾರಿ ಬಿದ್ದರು. ಎಡ ಮೊಣಕೈ ಹೋಯಿತು. ಮಳೆಗಾಲದಲ್ಲಿ ಹೂವೇ ಕಡಿಮೆ, ನಾಲ್ಕು ಮೊಗ್ಗಿಗೆ ಕೈ ಮುರಿದುಕೊಂಡಳಲ್ಲ ಅಂತ ಅಪ್ಪನಿಗೆ ಸಿಟ್ಟು.

ತೋಳಿನ ಮೂಳೆಯ ಕೆಳತುದಿ ಕೀಲಿನೊಳಗೇ ಒಡೆದಿತ್ತು. ಎರಡು ಬದಿಗೂ ಪ್ಲೇಟ್ ಹಾಕಬೇಕು ಅಂತ ಮಂಗಳೂರಿನ ಡಾಕ್ಟರೂ ಹೇಳಿದರು, ಉಡುಪಿಯವರೂ ಹೇಳಿದರು. ಜಗಳ ಇದ್ದದ್ದು ಒಳಗೆ ಹೋಗುವ ದಾರಿಯಲ್ಲಿ.

ಮಂಗಳೂರಿನವರು ಚೀಟಿಯ ಹಿಂದೆ ಚಿತ್ರ ಬಿಡಿಸಿದರು. ಮೇಜಿನ ಮೇಲೆ ಕೈ ಊರುವಾಗ ತಾಗುತ್ತದಲ್ಲ, ಆ ಹಿಂದಿನ ಮೂಳೆಯನ್ನು 'ವಿ' ಆಕಾರದಲ್ಲಿ ಕೊಯ್ದು, ಅದಕ್ಕೆ ಅಂಟಿದ ಟ್ರೈಸೆಪ್ಸ್ (ತೋಳಿನ ಹಿಂಬದಿಯ) ಸ್ನಾಯುವಿನ ಜೊತೆಗೇ ಮೇಲಕ್ಕೆ ಮಗುಚುವುದು. ಕೀಲು ಪೂರಾ ಕಾಣುತ್ತದೆ. ಕೊನೆಗೆ ತಂತಿಯಲ್ಲೋ ಪ್ಲೇಟಿನಲ್ಲೋ ಅದನ್ನು ಜೋಡಿಸುವುದು.

"ಮುರಿದದ್ದು ಸರಿಮಾಡ್ಲಿಕ್ಕೆ ಮುರಿಯದ್ದನ್ನು ಕೊಯ್ಯುದಾ?" ಅಂದರು ಅಮ್ಮ. ಪ್ರಶ್ನೆ ತಪ್ಪಲ್ಲ. ಕೊಯ್ದ ಮೂಳೆಯೂ ಕೂಡಬೇಕು, ಕೆಲವೊಮ್ಮೆ ಕೂಡುವುದಿಲ್ಲ. ಅಲ್ಲಿ ಚರ್ಮ ತೆಳು, ತಂತಿ ಚುಚ್ಚಿದರೆ ತೆಗೆಯಲು ಇನ್ನೊಂದು ಆಪರೇಶನ್.

ಉಡುಪಿಯವರ ದಾರಿ ಬೇರೆ. ಆ ಮೂಳೆಯನ್ನೂ ಸ್ನಾಯುವನ್ನೂ ಕೊಯ್ಯದೆ, ಸ್ನಾಯುವಿನ ಎರಡು ಬದಿಯಿಂದ ಒಳಗೆ ಹೋಗುವುದು. ಕೈ ಬೇಗ ಆಡಿಸಬಹುದು. ಆದರೆ ಕೀಲಿನ ಒಳಮೈ ಅಷ್ಟು ಕಾಣುವುದಿಲ್ಲ. ಪುಡಿಪುಡಿ ಆಗಿದ್ದರೆ ಇದು ಕಷ್ಟ ಅಂತ ಅವರೇ ಒಪ್ಪಿದರು.

ನಾನು ಮೂರು ದಿನ ಸುಮ್ನೆ "ಯಾವುದು ಒಳ್ಳೆಯದು" ಅಂತ ಕಂಡವರನ್ನೆಲ್ಲ ಕೇಳಿದ್ದೇ ಬಂತು. ಸಿಟಿ ಸ್ಕ್ಯಾನ್‌ನಲ್ಲಿ ಕೀಲಿನೊಳಗೆ ಎರಡೇ ದೊಡ್ಡ ತುಂಡು ಕಂಡವು. ಹಾಗಾಗಿ ಬದಿಯ ದಾರಿಗೆ ಒಪ್ಪಿದೆವು. ನಡುವೆ ಸರಿಯಾಗಿ ಕಾಣದಿದ್ದರೆ ಆಗಲೇ ಮೂಳೆ ಕೊಯ್ಯುತ್ತೇವೆ ಅಂತ ಮೊದಲೇ ಸಹಿ ಹಾಕಿಸಿಕೊಂಡರು. ಅದರ ಅಗತ್ಯ ಬರಲಿಲ್ಲ.

ಯಾವ ದಾರಿಯಾದರೂ ಅಲ್ನಾರ್ ನರವನ್ನು ಮೊದಲು ಹುಡುಕಿ ಜೋಪಾನ ಮಾಡಬೇಕಂತೆ. ಮೊಣಕೈ ಗೋಡೆಗೆ ತಾಗಿದರೆ ಜುಂ ಅನ್ನುತ್ತದಲ್ವಾ, ಅದೇ ನರ. ಅಷ್ಟಾದರೂ ಅಮ್ಮನ ಕಿರುಬೆರಳು ಒಂದು ತಿಂಗಳು ಜೋಮು ಹಿಡಿದ ಹಾಗಿತ್ತು.

ಮೂರನೇ ದಿನಕ್ಕೇ ಫಿಸಿಯೋ. ಆಪರೇಶನ್‌ಗಿಂತ ಅಳಿಸಿದ್ದು ಅದು. ಕೈ ಪೂರ್ತಿ ನೇರ ಇದ್ದರೆ ಸೊನ್ನೆ ಅಂತ ಲೆಕ್ಕ; ದಿನದ ಕೆಲಸಕ್ಕೆ 30ರಿಂದ 130 ಡಿಗ್ರಿ ಬಗ್ಗಿದರೆ ಹೆಚ್ಚುಕಡಿಮೆ ಸಾಕು ಅಂದರು ಫಿಸಿಯೋದವರು. ಅಮ್ಮನದು ಈಗ 125ಕ್ಕೆ ನಿಂತಿದೆ. ಪೂರ್ತಿ ನೇರ ಆಗುವುದಿಲ್ಲ.

ಮೊನ್ನೆ ಬಾಳೆನಾರು ಹಿಡಿದು ಕೂತವರು ಒಂದು ಚೆಂಡು ಕಟ್ಟಿಯೇ ಎದ್ದರು. ಅಂದರೆ 800 ಹೂವು. ಅಂಗಳದ ಪಾಚಿ ತಿಕ್ಕುವ ಕೆಲಸ ಮಾತ್ರ ಈಗ ನನ್ನದು.