ತಾರಾ ಗುಡ್ಡದ ಗುಂಡಿಗಳು

ಡಬ್ಲಿನ್ ಬಿಟ್ಟಾಗ ಬಿಸಿಲಿತ್ತು. ಮೀತ್ ಕೌಂಟಿಯ ತಾರಾ ಗುಡ್ಡ ಮುಟ್ಟುವಷ್ಟರಲ್ಲಿ ಸೋನೆ ಹಿಡಿದಿತ್ತು. ಐರ್ಲೆಂಡಿನ ಪುರಾಣದ ರಾಜರೆಲ್ಲ ಪಟ್ಟವೇರಿದ ಜಾಗ ಎಂದು ಹೇಳಿ ಕರೆತಂದಿದ್ದೆ, ಹೆಂಡತಿ ಕುರಿಹಿಕ್ಕೆ ದಾಟುತ್ತ "ಇಷ್ಟೇನಾ?" ಅಂದಳು. ಕೋಟೆಯಿಲ್ಲ, ಗೋಡೆಯಿಲ್ಲ. ಹುಲ್ಲು ಹೊದ್ದ ದಿಬ್ಬಗಳು, ಬಳೆಯಂಥ ಕಂದಕಗಳು, ಒಂದು ನಿಂತ ಕಲ್ಲು.

ನಾನು ಬಂದದ್ದು ಗುಂಡಿ ನೋಡಲು. ಚರ್ಚಿನ ಸ್ಮಶಾನಕ್ಕೆ ಅಂಟಿಕೊಂಡೇ 'ರಾಥ್ ಆಫ್ ದಿ ಸಿನಡ್ಸ್' ಎಂಬ ಮಣ್ಣುದಿಬ್ಬದ ವೃತ್ತ ಇದೆ. ಉಳಿದ ದಿಬ್ಬಗಳ ನಯ ಇದಕ್ಕಿಲ್ಲ, ಎಮ್ಮೆ ಹೊರಳಾಡಿದ ಹಾಗೆ ಉಬ್ಬುತಗ್ಗು. 1899ರಿಂದ 1902ರವರೆಗೆ ಇಲ್ಲಿ ಒಡಂಬಡಿಕೆಯ ಮಂಜೂಷಕ್ಕಾಗಿ ಅಗೆದರು. ಹತ್ತು ಆಜ್ಞೆಗಳ ಶಿಲಾಫಲಕಗಳಿದ್ದ ಪೆಟ್ಟಿಗೆ, ಅದೇ. ಅಗೆಸಿದವರು ಬ್ರಿಟಿಷ್ ಇಸ್ರೇಲೈಟರು, ಇಸ್ರೇಲಿನ ಕಳೆದುಹೋದ ಕುಲಗಳ ವಂಶಜರು ತಾವೇ ಎಂದು ನಂಬಿದವರು. ಮುಂದಾಳು ಎಡ್ವರ್ಡ್ ವೀಲರ್ ಬರ್ಡ್. ಭಾರತದಲ್ಲಿ ನ್ಯಾಯಾಧೀಶನಾಗಿದ್ದು ನಿವೃತ್ತನಾದವನು! ಸಾಕ್ಷಿ ತೂಗುವ ಕೆಲಸ ಮಾಡಿದವನ ಸಾಕ್ಷಿಗಳು ಹೀಗಿದ್ದವು: ಜೆರುಸಲೇಂ ಬಿದ್ದ ಮೇಲೆ ಪ್ರವಾದಿ ಯೆರೆಮೀಯ ಒಬ್ಬ ರಾಜಕುಮಾರಿಯ ಜೊತೆ ಮಂಜೂಷವನ್ನೂ ಇಲ್ಲಿಗೆ ತಂದ, 'ತಾರಾ' ಎಂದರೆ 'ತೋರಾ', ಯಹೂದಿಗಳ ಧರ್ಮಗ್ರಂಥ. ಈ ಲೆಕ್ಕದಲ್ಲಿ ವಾಲಿಯ ಹೆಂಡತಿಯನ್ನೂ ಇಲ್ಲೇ ಹುಡುಕಬಹುದಿತ್ತು.

ಜಮೀನಿನ ಒಡೆಯ ಬ್ರಿಸ್ಕೋ ಒಪ್ಪಿದ್ದ, ಕೂಲಿಗಳು ಸಲಿಕೆ ಹಾಕಿದರು. ಪುರಾತತ್ವ ಬಲ್ಲವರ ಉಸ್ತುವಾರಿಯಿಲ್ಲ. ವಿರೋಧ ಎದ್ದಿತು. ಐರಿಶ್ ರಾಷ್ಟ್ರವಾದಿ ಆರ್ಥರ್ ಗ್ರಿಫಿತ್ ತನ್ನ ಪತ್ರಿಕೆಯಲ್ಲಿ ಬರೆದ. 1902ರ ಜೂನ್‌ನಲ್ಲಿ ಕವಿ ಯೇಟ್ಸ್, ಲೇಖಕರಾದ ಡಗ್ಲಸ್ ಹೈಡ್, ಜಾರ್ಜ್ ಮೂರ್ ಲಂಡನ್ನಿನ 'ಟೈಮ್ಸ್'ಗೆ ಪತ್ರ ಹಾಕಿದರು: ಇದು ಪ್ರಾಯಶಃ ಐರ್ಲೆಂಡಿನ ಅತ್ಯಂತ ಪವಿತ್ರ ಸ್ಥಳ, ಇದರ ನಾಶ ಕಹಿ ನೆನಪುಗಳನ್ನು ಉಳಿಸುತ್ತದೆ. ನನಗೆ ಹಿಡಿಸಿದ್ದು ಈ ತಕರಾರಿನ ದಾರಿ. ಪೆಟ್ಟಿಗೆ ಇದೆಯೇ ಇಲ್ಲವೇ ಎಂಬ ಜಗಳವನ್ನು ಬದಿಗಿಟ್ಟು, ನೀವು ಅಗೆಯುತ್ತಿರುವ ಮಣ್ಣೇ ಪವಿತ್ರ ಅಂದರು. ಬ್ರಿಟನ್ನಿನ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕೆಂದು ಬ್ರಿಸ್ಕೋ ಒಟ್ಟಿಸಿದ್ದ ಸೌದೆಗೆ ಐರಿಶ್ ಹೋರಾಟಗಾರ್ತಿ ಮಾಡ್ ಗಾನ್ ಮೊದಲೇ ಬೆಂಕಿಯಿಟ್ಟು ಐರಿಶ್ ದೇಶಭಕ್ತಿ ಗೀತೆ ಹಾಡಿದಳಂತೆ. ಅದೂ ಒಂದು ಪೂಜೆಯೇ, ದೇವರು ಬೇರೆ ಅಷ್ಟೆ.

ಮಂಜೂಷ ಸಿಗಲಿಲ್ಲ. 1952–53ರಲ್ಲಿ ಪುರಾತತ್ವಜ್ಞ ಷಾನ್ ಓ ರೀರ್ಡಾನ್ ಶಾಸ್ತ್ರೀಯವಾಗಿ ಅಗೆದಾಗ ಇದೇ ವೃತ್ತದಲ್ಲಿ ರೋಮನ್ ಕಾಲದ ವಸ್ತುಗಳು ಸಿಕ್ಕವು. ರೋಮನ್ ಸೇನೆ ಗೆಲ್ಲದ ದ್ವೀಪಕ್ಕೆ ಅವು ಬಂದ ಬಗೆ ಎಷ್ಟು ದೊಡ್ಡ ಕಥೆ! ಅದರ ಎಷ್ಟು ಪುಟಗಳನ್ನು ಆ ಸಲಿಕೆಗಳು ಮೊದಲೇ ಕಲಸಿಹಾಕಿದ್ದವೋ.

ಮಳೆ ಜೋರಾಯಿತು. ಕಾರಿನಲ್ಲಿ ಕೂತು ಥರ್ಮಾಸಿನ ಕಾಫಿ ಹಂಚಿಕೊಳ್ಳುವಾಗ ಹೆಂಡತಿಗೆ ತವರಿನ ಹೊಲದಂಚಿನ ನಂದಿ ನೆನಪಾಯಿತು. ಒಂದು ಅಮಾವಾಸ್ಯೆ ರಾತ್ರಿ ಯಾರೋ ನಿಧಿಯಾಸೆಗೆ ಬುಡ ಅಗೆದು ಹೋಗಿದ್ದರು. ಅಂದಿನಿಂದ ನಂದಿ ಓರೆ. ಅವಳಜ್ಜಿ ಕೊನೆಯವರೆಗೂ ಆ ಓರೆ ನಂದಿಗೇ, ಹೂವು ಜಾರದ ಹಾಗೆ ಕೋಡಿಗೆ ಸಿಕ್ಕಿಸಿ ಬರುತ್ತಿದ್ದರಂತೆ.