ಡಕ್ಟಿನೊಳಗೆ ಉಳಿದ ಬೆಕ್ಕಿನ ಘಾಟು

ಒಹಾಯೋದ ಕೊಲಂಬಸ್ಸಿನಲ್ಲಿ ನಾವು ಈ ಮನೆಯನ್ನು ಕೊಂಡದ್ದು ಮೇ ತಿಂಗಳಿನಲ್ಲಿ. ಹಿಂದಿನವರು ಬೆಕ್ಕು ಸಾಕಿದ್ದರೆಂದು ತಿಳಿದಿದ್ದರೂ, ಕಿಟಕಿಗಳೆಲ್ಲ ತೆರೆದಿರುತ್ತಿದ್ದ ಆ ದಿನಗಳಲ್ಲಿ ಮೂಗಿಗೆ ಏನೂ ತಾಗಿರಲಿಲ್ಲ. ಅಕ್ಟೋಬರಿನಲ್ಲಿ ಮೊದಲ ಸಲ ಮನೆಯನ್ನು ಬೆಚ್ಚಗಿಡುವ ಫರ್ನೇಸ್ ಹಾಕಿದ ರಾತ್ರಿ ಮಲಗುವ ಕೋಣೆಗಳವರೆಗೂ ಮೂತ್ರದ ಘಾಟು ಹರಡಿತು. ಮಗಳಿಗೆ ಉಬ್ಬಸವಿರುವುದರಿಂದ ಅದನ್ನು ಸಹಿಸಿಕೊಂಡಿರುವುದು ಸಾಧ್ಯವಿರಲಿಲ್ಲ.

ಇಲ್ಲಿಯ ಮನೆಗಳಲ್ಲಿ ಫರ್ನೇಸ್ ಕೋಣೆಗಳ ಗಾಳಿಯನ್ನೇ ಎಳೆದುಕೊಂಡು, ಫಿಲ್ಟರಿನಲ್ಲಿ ಹಾಯಿಸಿ, ಬಿಸಿ ಮಾಡಿ, ಡಕ್ಟುಗಳೆಂಬ ತಗಡಿನ ಕೊಳವೆಗಳ ಮೂಲಕ ಮತ್ತೆ ಎಲ್ಲ ಕೋಣೆಗಳಿಗೂ ತಳ್ಳುತ್ತದೆ. ಬೇಸಿಗೆಯ ತಂಪುಗಾಳಿಗೂ ಅದೇ ದಾರಿ. ಹೀಗಾಗಿ ಒಂದು ಮೂಲೆಯ ವಾಸನೆ ಇಡೀ ಮನೆಯದಾಗುತ್ತದೆ.

ನಾವು ಕರೆಸಿದ ಸಂಸ್ಥೆಯವರು ಎಲ್ಲ ಡಕ್ಟುಗಳನ್ನೂ ಬ್ರಷ್ಷಿನಿಂದ ಉಜ್ಜಿ, ಸುಗಂಧ ಸಿಂಪಡಿಸಿ ಹೋದರು. ಎರಡು ವಾರಗಳಲ್ಲಿ ಘಾಟು ಮರಳಿತು. ವಾಸನೆ ಕಳೆಯಲು ಓಝೋನ್ ಅನಿಲ ಬಿಡುವ ಯಂತ್ರವನ್ನೂ ಅವರು ಸೂಚಿಸಿದ್ದರು. ಓಝೋನ್ ಶ್ವಾಸಕೋಶವನ್ನು ಕೆರಳಿಸಿ ಉಬ್ಬಸವನ್ನು ಹೆಚ್ಚಿಸುತ್ತದೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯೇ ಎಚ್ಚರಿಸುವುದರಿಂದ ನಾನು ಒಪ್ಪಲಿಲ್ಲ.

ಮೂಲವನ್ನು ಕಂಡುಹಿಡಿದವರು ಊರಿನಿಂದ ಬಂದಿದ್ದ ಅಮ್ಮ. ಅಟ್ಟದಲ್ಲಿ ಬೆಕ್ಕುಗಳು ಓಡಾಡುತ್ತಿದ್ದ ಮನೆಯಲ್ಲಿ ಬೆಳೆದ ಅವರು, ಡಕ್ಟಿನ ಗಾಳಿ ಹೊರಬರುವ ನೆಲದ ಜಾಲರಿಗಳ ಬಳಿ ಒಂದೊಂದಾಗಿ ಕುಳಿತು ಮೂಸಿ, ಊಟದ ಕೋಣೆಯ ಕಿಟಕಿಯ ಕೆಳಗಿನದನ್ನು ತೋರಿಸಿದರು. ಅದನ್ನು ಎತ್ತಿದಾಗ ತಗಡು ತುಕ್ಕು ಹಿಡಿದಿತ್ತು, ಸುತ್ತಲಿನ ಮರ ಕಪ್ಪಾಗಿತ್ತು. ಬೆಕ್ಕು ಅಲ್ಲಿಯೇ ಮತ್ತೆ ಮತ್ತೆ ಮೂತ್ರ ಮಾಡಿತ್ತು.

ಮೂತ್ರದ ಯೂರಿಯಾವನ್ನು ಬ್ಯಾಕ್ಟೀರಿಯಾ ಒಡೆದಾಗ ಅಮೋನಿಯಾ ಹೊಮ್ಮುತ್ತದೆ; ಆದರೆ ಮೂತ್ರದ ಇತರ ಅಂಶಗಳು ಮರದೊಳಕ್ಕೆ ಇಳಿದು ಅಲ್ಲಿಯೇ ಉಳಿದು, ತೇವ ತಗುಲಿದಾಗ ಮತ್ತೆ ವಾಸನೆ ಕೊಡುತ್ತವೆ. ಸೋಪು ಸಾಲದೆ ಹೋಗುವುದು ಇದರಿಂದಲೇ. ಕಿಣ್ವಗಳಿರುವ ದ್ರಾವಣವನ್ನು ಸುರಿದು, ಮರ ಅದನ್ನು ಹೀರಿಕೊಳ್ಳುವಷ್ಟು ಹೊತ್ತು ಒದ್ದೆಯಾಗಿಯೇ ಬಿಟ್ಟು, ಪೂರ್ತಿ ಒಣಗಿಸಿ, ಮತ್ತೊಮ್ಮೆ ಹಾಗೆಯೇ ಮಾಡಿದೆವು. ಇಂಥ ಜಾಗಕ್ಕೆ ಬ್ಲೀಚ್ ಮಾತ್ರ ಹಾಕಲೇಬಾರದು, ಏಕೆಂದರೆ ಅದು ಅಮೋನಿಯಾದೊಡನೆ ಸೇರಿದರೆ ಕ್ಲೋರಮೈನ್ ಎಂಬ ವಿಷಾನಿಲ ಹುಟ್ಟುತ್ತದೆ. ಅನಂತರ ಮರಕ್ಕೆ ವಾಸನೆಯನ್ನು ಒಳಗೇ ಮುಚ್ಚಿಡುವ ಅರಗಿನ ಪ್ರೈಮರ್ ಬಳಿದು, ತುಕ್ಕು ಹಿಡಿದ ತುಂಡನ್ನು ಬದಲಿಸಿದೆವು.

ಫರ್ನೇಸಿನ ಮೇಲಿರುವ, ಬೇಸಿಗೆಯಲ್ಲಿ ಗಾಳಿಯನ್ನು ತಂಪಾಗಿಸುವ ಎಸಿಯ ಕಾಯಿಲನ್ನು ತಂತ್ರಜ್ಞರು ತೆರೆದಾಗ ಅಲ್ಲಿಯೂ ಬೆಕ್ಕಿನ ಕೂದಲು ಧೂಳಿನೊಡನೆ ಮೆತ್ತಿಕೊಂಡಿತ್ತು. ಬೇಸಿಗೆಯಲ್ಲಿ ಕಾಯಿಲ್ ಒದ್ದೆಯಾಗಿರುವುದರಿಂದ ಅಂಥ ಕೊಳೆಯೇ ಸೂಕ್ಷ್ಮಜೀವಿಗಳಿಗೆ ಆಹಾರವಾಗಿ ಮುಗ್ಗಲು ವಾಸನೆ ಬರುತ್ತದೆ. ಅದನ್ನೂ ತೊಳೆಸಿದೆವು. ಫಿಲ್ಟರನ್ನು ಮೆರ್ವ್ 11ರದಕ್ಕೆ ಬದಲಿಸಿದೆವು; ಮೆರ್ವ್ ಎಂದರೆ ಫಿಲ್ಟರ್ ಎಷ್ಟು ಸಣ್ಣ ಕಣಗಳನ್ನು ಹಿಡಿಯುತ್ತದೆಂಬ ಅಳತೆ. 1 ಇಂಚು ದಪ್ಪದ ಮೆರ್ವ್ 13 ಗಾಳಿ ತಳ್ಳುವ ನಮ್ಮ ಹಳೆಯ ಬ್ಲೋವರಿಗೆ ಗಾಳಿಯನ್ನು ತಡೆಯಬಹುದೆಂದು ಅವರು ಹೇಳಿದರು. ಸಾಮಾನ್ಯ ಫಿಲ್ಟರ್ ಹಿಡಿಯುವುದು ಕೂದಲು ಮತ್ತು ಧೂಳನ್ನೇ ಹೊರತು ಅನಿಲರೂಪದ ವಾಸನೆಯನ್ನಲ್ಲ. ಅದಕ್ಕೆ ಸಕ್ರಿಯ ಇದ್ದಿಲು ಬೇಕು, ಅದೂ ತುಂಬಿದ ಮೇಲೆ ಬದಲಿಸಬೇಕು.

ಈ ಅಕ್ಟೋಬರಿನಲ್ಲಿ ಫರ್ನೇಸ್ ಹಾಕಿದ ಮೊದಲ ಸಂಜೆ ಧೂಳು ಸುಟ್ಟ ವಾಸನೆ ಅರ್ಧ ಗಂಟೆ ಇತ್ತು, ಬೇರೇನೂ ಇರಲಿಲ್ಲ. ಅಮ್ಮನಿಗೆ ಫೋನ್ ಮಾಡಿ ಹೇಳಿದೆ.