ಸರ್ವರ್ ಬಂತು, ಈ ಶರಣಮ್ಮ ಯಾರು?

ದೊಡ್ಡ ಊರುಗಳ ಆಸ್ಪತ್ರೆಗಳಲ್ಲಿ ನನ್ನ ಕೆಲಸ ಮಾಡುವವರನ್ನು ಸಿಐಒ, ಅಂದರೆ ಮುಖ್ಯ ಮಾಹಿತಿ ಅಧಿಕಾರಿ ಅಂತಾರೆ. ಕಲಬುರಗಿಯ ನಮ್ಮ ಖಾಸಗಿ ಆಸ್ಪತ್ರೆಯಲ್ಲಿ ನಾನು ಬರೀ ‘ಕಂಪ್ಯೂಟರ್ ಸರ್’. ನೋಂದಣಿ, ಲ್ಯಾಬ್, ಫಾರ್ಮಸಿ, ಬಿಲ್ಲಿಂಗ್, ಎಕ್ಸ್‌ರೇ, ಸಿಟಿ ಎಲ್ಲದರ ಮಾಹಿತಿ ಓಡಾಡುವ ವ್ಯವಸ್ಥೆ ನನ್ನ ತಲೆ ಮೇಲಿದೆ. ಪ್ರಿಂಟರ್ ಕೆಟ್ಟರೆ ನನಗೇ ಫೋನು. ವಾರ್ಡಿನ ಟಿವಿ ಬರದಿದ್ದರೂ ನನಗೇ ಫೋನು. ಟಿವಿ ನನ್ನದಲ್ಲ ಅಂತ ಹೇಳೋದನ್ನು ಬಿಟ್ಟು ಬಹಳ ಕಾಲವಾಯಿತು.

ಅದು ಮೇ ತಿಂಗಳ ಒಂದು ಸೋಮವಾರ. ಸೇಡಂ, ಚಿತ್ತಾಪುರ, ಜೇವರ್ಗಿ, ಅಫಜಲಪುರ ಕಡೆಯಿಂದ ಮೊದಲ ಬಸ್ಸಿಗೆ ಹೊರಟವರು ಬೆಳಿಗ್ಗೆಯೇ ಕೌಂಟರ್ ಮುಂದೆ ನಿಂತಿರುತ್ತಾರೆ. ಬಿಸಿಲು ಏರೋದರೊಳಗೆ ತೋರಿಸಿಕೊಂಡು ಊರು ಸೇರಬೇಕು ಅನ್ನೋ ಅವಸರ. ಹನ್ನೊಂದರ ಸುಮಾರಿಗೆ ನಮ್ಮ ಹುಡುಗ ಬಂದು, ‘ಸರ, ಸರ್ವರ್ ರೂಮ್ ಭಾಳ ಕಾಯ್ಲಾಕತ್ತದ’ ಅಂದ.

ಹೋಗಿ ನೋಡಿದೆ. ಅಲ್ಲಿ ಎರಡು ಎಸಿ ಇವೆ. ಒಂದು ಮೊದಲೇ ಕೆಟ್ಟಿತ್ತು, ಕಂಪನಿಯವರು ‘ನಾಳಿ ಬರ್ತೀವಿ’ ಅನ್ನುತ್ತಲೇ ಇದ್ದರು. ಇನ್ನೊಂದು ಸುಮ್ನೆ ಗಾಳಿ ಊದುತ್ತಿತ್ತು, ತಂಪಿನ ಸುದ್ದಿಯೇ ಇಲ್ಲ. ಗೋಡೆ ಮೇಲಿನ ಮೀಟರ್ 34 ತೋರಿಸುತ್ತಿತ್ತು. ಸರ್ವರ್‌ಗಳಿಗೆ 18ರಿಂದ 27 ಡಿಗ್ರಿ ಇದ್ದರೆ ಒಳ್ಳೆಯದು. ಬಾಗಿಲು ತೆರೆದಿಟ್ಟರೆ ಏನು ಬಂತು? ಹೊರಗೆ 42ರ ಮೇಲಿದೆ. ಯಾರೋ ಉತ್ಸಾಹಿಗಳು ಐಸ್ ಫ್ಯಾಕ್ಟರಿಯಿಂದ ಗಡ್ಡೆ ತಂದೇಬಿಟ್ಟರು. ಕರೆಂಟಿನ ಪಕ್ಕ ನೀರು ಬೇಡ ಮಾರಾಯರೇ ಅಂತ ಕೈಮುಗಿದು ಕಳಿಸಿದೆ. ಕ್ಯಾಂಟೀನಿನವರಿಗೆ ಲಾಭವಾಯಿತು.

2022ರ ಜುಲೈ 19ರಂದು ಇಂಗ್ಲೆಂಡಿನಲ್ಲಿ ಮೊದಲ ಸಲ ಬಿಸಿಲು 40 ಡಿಗ್ರಿ ದಾಟಿತ್ತು. ಅವತ್ತು ಲಂಡನ್ನಿನ ಗೈಸ್ ಅಂಡ್ ಸೇಂಟ್ ಥಾಮಸ್ ಆಸ್ಪತ್ರೆಗಳ ಎರಡೂ ಡೇಟಾ ಸೆಂಟರ್‌ಗಳು ಸೆಕೆ ತಡೆಯದೆ ಕೈಕೊಟ್ಟವು. ಡಾಕ್ಟರುಗಳು ಕಾಗದ ಪೆನ್ನು ಹಿಡಿದರು. ಎಲ್ಲ ಮೊದಲಿನಂತಾಗಲು ವಾರಗಟ್ಟಲೆ ಬೇಕಾಯಿತು. ಮೇ ತಿಂಗಳಲ್ಲಿ 40 ಬಂದರೆ ‘ಇವತ್ತ ಸ್ವಲ್ಪ ತಂಪದ’ ಅನ್ನೋ ಊರು ನಮ್ಮದು. ಆದರೂ ಆ ಸುದ್ದಿಯನ್ನು ನಾನು ಗಮನವಿಟ್ಟು ಓದಿದ್ದೆ. ಯಂತ್ರ ತಾನಾಗಿ ಬೀಳೋದಕ್ಕೂ ನಾವೇ ಆರಿಸೋದಕ್ಕೂ ಬಹಳ ವ್ಯತ್ಯಾಸ ಇದೆ. ಯಂತ್ರ ಮಾಹಿತಿ ಬರೆದುಕೊಳ್ಳುತ್ತಿರುವಾಗಲೇ ಬಿದ್ದರೆ ಡೇಟಾಬೇಸ್ ಕೆಡಬಹುದು. ಆಮೇಲೆ ಅದು ಯಾವಾಗ ಏಳುತ್ತೋ, ಏನೇನು ಕಳೆದುಕೊಂಡು ಏಳುತ್ತೋ ಯಾರೂ ಹೇಳಲಾರರು.

ಮೀಟರ್ 37 ತೋರಿಸಿದಾಗ ಮೆಡಿಕಲ್ ಸೂಪರಿಂಟೆಂಡೆಂಟ್ ಮೇಡಂಗೆ ಫೋನ್ ಮಾಡಿದೆ. ‘ಈಗ ನಾವೇ ಬಂದ್ ಮಾಡಿದರೆ ಸಂಜೆಗೆ ಎಬ್ಬಿಸಬಹುದು ಮೇಡಂ. ಬಿಟ್ಟರೆ ಗ್ಯಾರಂಟಿ ಇಲ್ಲ.’ ಅವರು ಕೇಳಿದ್ದು ಒಂದೇ ಮಾತು. ‘ಓಟಿ ಒಳಗ ಯಾರರ ಅದಾರೇನು?’

ಆಪರೇಷನ್ ಥಿಯೇಟರಿನಲ್ಲಿ ಇದ್ದರು. ಅರಿವಳಿಕೆ ಯಂತ್ರ, ಐಸಿಯು ಮಾನಿಟರ್ ಯಾವುದೂ ನಮ್ಮ ಸರ್ವರ್ ನಂಬಿಕೊಂಡಿಲ್ಲ, ಅವು ತಮ್ಮ ಪಾಡಿಗೆ ಓಡುತ್ತವೆ. ಆದರೆ ಯಾವ ಹಾಸಿಗೆಯಲ್ಲಿ ಯಾರು, ಯಾರಿಗೆ ಯಾವ ಔಷಧಿ, ಯಾರಿಗೆ ಯಾವುದರ ಅಲರ್ಜಿ ಅನ್ನೋದೆಲ್ಲ ಕಂಪ್ಯೂಟರಿನೊಳಗಿದೆ. ಮೊದಲು ಐಸಿಯು, ಆಮೇಲೆ ವಾರ್ಡುಗಳ ಪಟ್ಟಿ ಪ್ರಿಂಟ್ ತೆಗೆದು ನರ್ಸ್‌ಗಳ ಕೈಗೆ ಕೊಟ್ಟೆವು. ಅದಾದ ಮೇಲೆ ಒಂದೊಂದಾಗಿ ಬಂದ್. ಮೊದಲು ಅಪ್ಲಿಕೇಷನ್, ನಂತರ ಡೇಟಾಬೇಸ್, ಕೊನೆಗೆ ಸ್ಟೋರೇಜ್. ಎಬ್ಬಿಸುವಾಗ ಇದರ ಉಲ್ಟಾ.

ಪ್ರತಿ ಕೌಂಟರಿನಲ್ಲಿ ಒಂದು ಕೆಂಪು ಫೈಲ್ ಇಟ್ಟಿರುತ್ತೇವೆ. ಖಾಲಿ ಫಾರ್ಮು, ಮೊದಲೇ ತೆಗೆದಿಟ್ಟ ನಂಬರುಗಳು, ಕಾರ್ಬನ್ ಕಾಗದ. ಲ್ಯಾಬಿನಲ್ಲಿ ಬಾರ್‌ಕೋಡ್ ಬದಲು ಟ್ಯೂಬಿನ ಮೇಲೆ ಕೈಯಲ್ಲೇ ಹೆಸರು, ನಂಬರು. ಸಿಟಿ ಯಂತ್ರದಿಂದ ನೇರ ಫಿಲ್ಮ್. ಫಾರ್ಮಸಿಯಲ್ಲಿ ಬಿಲ್ ಬುಕ್. ಆಯುಷ್ಮಾನ್ ಕೌಂಟರಿಗೆ ಮಾತ್ರ ಹೆಚ್ಚು ತೊಂದರೆ ಆಗಲಿಲ್ಲ. ಸರ್ಕಾರದ ಪೋರ್ಟಲ್ ಇಂಟರ್ನೆಟ್ಟಿನಲ್ಲಿದೆ, ಮೊಬೈಲ್ ಹಾಟ್‌ಸ್ಪಾಟ್ ಹಚ್ಚಿ ಲ್ಯಾಪ್‌ಟಾಪಿನಲ್ಲಿ ನಡೆಸಿದರು. ಅಲ್ಲಿಯ ಜನರಿಗೆ ಸರ್ವರ್ ಚಿಂತೆಯೇ ಇಲ್ಲ, ‘ಅಪ್ರೂವಲ್ ಬಂತೇನ್ರಿ?’ ಅನ್ನೋದೊಂದೇ ಪ್ರಶ್ನೆ. 2010ರಲ್ಲಿ ಬಡವರ ಚಿಕಿತ್ಸೆಗೆ ಸರ್ಕಾರ ತಂದ ವಾಜಪೇಯಿ ಆರೋಗ್ಯಶ್ರೀ ಯೋಜನೆ ಮೊದಲು ಶುರುವಾಗಿದ್ದೇ ನಮ್ಮ ಗುಲ್ಬರ್ಗಾ ವಿಭಾಗದಲ್ಲಿ. ಕಾರ್ಡು ತೋರಿಸಿ ಒಪ್ಪಿಗೆಗೆ ಕಾಯೋದು ನಮ್ಮ ಕಡೆ ಹಳ್ಳಿಗರಿಗೆ ಹೊಸದೇನಲ್ಲ.

ಕಂಪನಿಯವರು ಬರಲೇ ಇಲ್ಲ. ಸೂಪರ್ ಮಾರ್ಕೆಟ್ ಕಡೆಯಿಂದ ಒಬ್ಬ ಫ್ರಿಜ್ ರಿಪೇರಿಯವರನ್ನು ಬೈಕ್ ಮೇಲೆ ಕೂರಿಸಿಕೊಂಡು ಬಂದೆವು. ಅವರು ಹೊರಗಿನ ಯೂನಿಟ್ ಬಿಚ್ಚಿ, ಉಬ್ಬಿದ ಒಂದು ಕೆಪಾಸಿಟರ್ ತೆಗೆದು ತೋರಿಸಿದರು. ಬೇರೆಯದು ಅವರ ಚೀಲದಲ್ಲೇ ಇತ್ತು. ಅಷ್ಟೇ! ಅಷ್ಟು ಚಿಕ್ಕ ಸಾಮಾನಿಗೆ ಇಡೀ ಆಸ್ಪತ್ರೆ ಕಾರ್ಬನ್ ಕಾಗದಕ್ಕೆ ಇಳಿದಿತ್ತು. ಸಂಜೆ ಹೊತ್ತಿಗೆ ಮೀಟರ್ 26ಕ್ಕೆ ಬಂತು, ಸರ್ವರ್ ಎದ್ದವು. ಬಿಲ್ಲಿಂಗ್‌ನವರು ಚಪ್ಪಾಳೆ ಹೊಡೆದರು.

ನಿಜವಾದ ತಲೆನೋವು ಆಗ ಶುರುವಾಯಿತು. ಇಡೀ ದಿನದ ಕಾಗದಗಳನ್ನು ಕಂಪ್ಯೂಟರಿಗೆ ಏರಿಸಬೇಕು. ಸಾಫ್ಟ್‌ವೇರ್ ಮಾರುವವರು ಈ ರಾತ್ರಿಯ ಬಗ್ಗೆ ಮಾತಾಡಿದ್ದನ್ನು ನಾನು ಕೇಳಿಲ್ಲ.

ಮೊದಲ ಕಾಗದದಲ್ಲೇ ‘ಶರಣಮ್ಮ, 50, ಹೆಣ್ಣು’. ಹುಡುಕಿದರೆ ಪರದೆ ತುಂಬ ಶರಣಮ್ಮರು. ಶರಣಬಸವೇಶ್ವರರ ಊರಿದು, ಮನೆಗೊಬ್ಬ ಶರಣಪ್ಪ, ಶರಣಮ್ಮ ಇರಲೇಬೇಕಲ್ವಾ. ಸಾಲದ್ದಕ್ಕೆ ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆದಿರುತ್ತಾರೆ. ಮೊಹಮ್ಮದ್ ಅನ್ನೋ ಹೆಸರಿನದೂ ಇದೇ ಗತಿ. ಹುಟ್ಟಿದ ದಿನ ನೋಡೋಣ ಅಂದರೆ ಅರ್ಧ ಜನರದು ಜನವರಿ ಒಂದು. ವಯಸ್ಸು ಹೋದ ಸಲ 45, ಈ ಸಲ 50, ಆಧಾರ್‌ನಲ್ಲಿ 58. ಫೋನ್ ನಂಬರು ಮಗನದು, ಅದೇ ನಂಬರಿನಲ್ಲಿ ಮನೆಯವರೆಲ್ಲ ಇದ್ದಾರೆ. 2021ರಲ್ಲಿ ದೇಶಕ್ಕೆಲ್ಲ ಬಂದ ಡಿಜಿಟಲ್ ಆರೋಗ್ಯ ಯೋಜನೆಯ ಒಬ್ಬೊಬ್ಬರಿಗೆ ಒಂದೊಂದು ಇರುವ 14 ಅಂಕಿಯ ಆಭಾ ನಂಬರು ಇದಕ್ಕೆ ಒಳ್ಳೆಯ ಮದ್ದು, ನಾನು ಅದರ ಪರವೇ. ಆದರೆ ಅದು ಮಗನ ಮೊಬೈಲಿನಲ್ಲಿರುತ್ತೆ, ಮಗ ಪುಣೆಯಲ್ಲಿರುತ್ತಾನೆ.

ತಪ್ಪು ಶರಣಮ್ಮನಿಗೆ ಅಂಟಿಸಿದರೆ ಒಬ್ಬರ ಶುಗರ್ ರಿಪೋರ್ಟ್ ಇನ್ನೊಬ್ಬರ ಫೈಲಿಗೆ ಹೋಗುತ್ತೆ. ಭಯಪಟ್ಟು ಹೊಸ ಫೈಲ್ ತೆರೆದರೆ ಹಳೆಯ ಅಲರ್ಜಿ, ಹಳೆಯ ಆಪರೇಷನ್ ಯಾವುದೂ ಡಾಕ್ಟರಿಗೆ ಕಾಣಲ್ಲ. ಕನಿಷ್ಠ ಎರಡು ಗುರುತು ತಾಳೆಯಾಗದೆ ಮುಟ್ಟಬಾರದು ಅನ್ನೋದು ನಿಯಮ. ನಮ್ಮ ಕಾಗದದಲ್ಲಿ ಗಟ್ಟಿಯಾದ ಗುರುತು ಒಂದೂ ಇರಲಿಲ್ಲ.

ರಾತ್ರಿ ಪಾಳಿಗೆ ನೋಂದಣಿಯಲ್ಲಿ ಆಳಂದ ಕಡೆಯ ಒಬ್ಬ ಅಕ್ಕ ಇರುತ್ತಾರೆ. ಅವರು ಬಂದು ಕಾಗದವನ್ನು ತಿರುವಿ ನೋಡಿದರು. ಹಿಂದೆ ಪೆನ್ಸಿಲ್ಲಿನಲ್ಲಿ ಬರೆದಿತ್ತು: ‘ಜೇವರ್ಗಿ ಕಡೆ, ಗಂಡ ಮಲ್ಲಪ್ಪ, ಅಳಿಯ ಸಂಗಡ, ಹೋದ ವರ್ಷ ಗರ್ಭಕೋಶ ತೆಗೆದದ್ದು ಇಲ್ಲೇ.’ ನಮ್ಮ ಫಾರ್ಮಿನಲ್ಲಿ ಇದ್ಯಾವುದನ್ನೂ ಕೇಳಿರಲಿಲ್ಲ. ಹಗಲು ಪಾಳಿಯ ಹೆಣ್ಣುಮಕ್ಕಳು ತಾವಾಗೇ ಕೇಳಿ ಬರೆದುಕೊಂಡಿದ್ದರು. ‘ನಾನೇ ಹೇಳೀನ್ರಿ ಸರ ಅವರಿಗೆ. ಬರೇ ಶರಣಮ್ಮ ಅಂದ್ರ ಯಾವಾಕಿ ಅಂತ ತಿಳ್ಕೋಬೇಕು?’ ಅಂದರು ಅಕ್ಕ. ಹೋದ ವರ್ಷದ ಆಪರೇಷನ್ ಪಟ್ಟಿ ತೆಗೆದೆವು. ಒಬ್ಬರೇ ಶರಣಮ್ಮ ಸಿಕ್ಕರು, ಗಂಡನ ಹೆಸರೂ ತಾಳೆಯಾಯಿತು.

ಹೀಗೇ ಒಂದೊಂದೇ ಕಾಗದ. ಅಕ್ಕ ಓದೋದು, ನಮ್ಮ ಹುಡುಗ ಟೈಪ್ ಮಾಡೋದು, ನಾನು ತಾಳೆ ನೋಡೋದು. ಹಿಂದೆ ಏನೂ ಬರೆಯದ ಕಾಗದಗಳನ್ನು ಬೇರೆ ಇಟ್ಟು, ಬೆಳಿಗ್ಗೆ ಮನೆಗಳಿಗೆ ಫೋನ್ ಮಾಡಿದೆವು. ಅದರಲ್ಲೂ ಖಾತ್ರಿಯಾಗದವನ್ನು ಯಾರ ಫೈಲಿಗೂ ಸೇರಿಸಲಿಲ್ಲ. ಬಿಲ್ ಬಾಕಿ ಅಂತ ಅಕೌಂಟ್ಸ್‌ನವರು ಕೂಗಾಡಿದರು, ಕೂಗಾಡಲಿ.

ನಂತರದ ಮ್ಯಾನೇಜ್‌ಮೆಂಟ್ ಮೀಟಿಂಗಿನಲ್ಲಿ ಎಲ್ಲರ ಬಾಯಲ್ಲೂ ದೆಹಲಿಯ ಏಮ್ಸ್. 2022ರ ನವೆಂಬರ್ 23ರಂದು ಅಲ್ಲಿ ಮಾಹಿತಿಗೆ ಬೀಗ ಜಡಿದು ದುಡ್ಡು ಕೇಳುವ ರಾನ್ಸಮ್‌ವೇರ್ ದಾಳಿಯಾಗಿ, ಸುಮಾರು ಎರಡು ವಾರ ಕೈಬರಹದಲ್ಲೇ ಕೆಲಸ ನಡೆದಿತ್ತು. ಆ ಹೆಸರು ಹೇಳಿದರೆ ಫೈರ್‌ವಾಲ್, ಬ್ಯಾಕಪ್ ಏನು ಕೇಳಿದರೂ ದುಡ್ಡು ಸಿಗುತ್ತೆ, ಇದು ನಮ್ಮ ಕಸುಬಿನವರಿಗೆಲ್ಲ ಗೊತ್ತಿರುವ ಗುಟ್ಟು. ನಾನು ಕೇಳಿದ್ದು ಹೊಸ ಎಸಿ ಮತ್ತು ಹಗಲು ಪಾಳಿಗೂ ಆ ಅಕ್ಕನಂಥ ಒಬ್ಬ ನೋಂದಣಿ ಸೂಪರ್‌ವೈಸರ್. ಎಸಿಗೆ ಕೂತಲ್ಲೇ ಸಹಿ ಬಿತ್ತು. ಹುದ್ದೆಯ ಮಾತು ಬಂದಾಗ ಒಬ್ಬ ಡೈರೆಕ್ಟರು, ‘ಇದನ್ನ ಸಾಫ್ಟ್‌ವೇರ್‌ನಾಗೇ ಮಾಡ್ಲಾಕ ಬರಲ್ಲೇನ್ರಿ?’ ಅಂದರು. ಗಂಡನ ಹೆಸರಿಗೆ, ಊರಿಗೆ ಖಾನೆ ಹಾಕಬಹುದು ಸರ್, ತುಂಬಿಸಲು ಯಾರಾದರೂ ಕೂತು ಕೇಳಬೇಕಲ್ವಾ ಅಂದೆ. ಮುಂದಿನ ಬಜೆಟ್ಟಿಗೆ ನೋಡೋಣ ಅಂತ ಬರೆದುಕೊಂಡರು.